ಮಾಸ್ತರರ ಪೇಟಿಗೆ ಗಾಳಿ ಹಾಕುವವಳು

ಹುನಗುಂದ
೨೩ ನವೆಂಬರ್ ೨೦೨೫, ರವಿವಾರ ಮಧ್ಯಾಹ್ನ

ನನ್ನ ಶೀಲಾ,

ಹುನಗುಂದದಿಂದ ಇಳಕಲ್ಲಿಗೆ ಬಸ್ಸಿನಲ್ಲಿ ಅರ್ಧ ತಾಸಿನ ದಾರಿ. ಈ ಕಾಗದಕ್ಕೆ ಅಷ್ಟು ದೂರ ಬರಲು ಮೂರು ತಿಂಗಳು ಬೇಕಾಯಿತು. ತಪ್ಪು ಅಂಚೆಯವರದಲ್ಲ, ನನ್ನದು. ನಾಲ್ಕು ಸಲ ಬರೆಯಲು ಕುಳಿತು ನಾಲ್ಕು ಸಲವೂ ಹಾಳೆ ಹರಿದೆ. ನೀನು, ಅಳಿಯ ವಿಜಯಮಹಾಂತೇಶರು, ಮೊಮ್ಮಗಳು ಗಂಗಾ ಎಲ್ಲರೂ ಆರಾಮ ಇದ್ದೀರೆಂದು ನಂಬಿದ್ದೇನೆ. ವಿಜಯಮಹಾಂತೇಶರ ಸೀರೆ ಅಂಗಡಿಯಲ್ಲಿ ದೀಪಾವಳಿಗೆ ನಿಲ್ಲಲು ಜಾಗವಿರಲಿಲ್ಲವಂತೆ, ಪಕ್ಕದ ಮನೆಯ ಅಮೀನಬಿ ಹೋಗಿ ನೋಡಿಬಂದು ಹೇಳಿದಳು. ನನ್ನ ಮೊಣಕಾಲೊಂದು ಮಾತು ಕೇಳುವುದಿಲ್ಲ, ಉಳಿದದ್ದೆಲ್ಲ ನಡೆದಿದೆ.

ನೀನು ಕಳಿಸಿದ ಸೀರೆಯ ಮಡಿಕೆಯಲ್ಲಿ ಒಂದು ಚೀಟಿ ಇತ್ತು. ಸೀರೆ ಇನ್ನೂ ಉಟ್ಟಿಲ್ಲ, ಚೀಟಿಯನ್ನು ಮಾತ್ರ ದಿನಾ ಓದುತ್ತೇನೆ. "ಅವ್ವಾ, ನೀ ಮತ್ತ ಚರ್ಚಿಗೆ ಹೋಗಾಕತ್ತಿ ಅಂತ ಕೇಳೇನಿ. ಹೋಗು, ನಾ ಬ್ಯಾಡನ್ನೂದಿಲ್ಲ. ಆದರ ಎಲ್ಲಾರ ಮುಂದ ನನ್ನ ಹೆಸರ ಹೊಡದ ಹಾಕಿದ ಆ ಮಾಸ್ತರನ ಎದುರಿಗೆ ಹ್ಯಾಂಗ ಕುಂದ್ರತಿ? ಇದಕ್ಕ ನೀ ಖರೆ ಉತ್ತರಾ ಕೊಡೂತನಕ ನಾ ಗಂಗಾನ್ನ ಕರಕೊಂಡ ಬರೂದಿಲ್ಲ." ಫೋನಿನಲ್ಲಿ ಉತ್ತರ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು "ಹೂಂ ಅವ್ವಾ, ಹೂಂ" ಎನ್ನುತ್ತ ಕುಕ್ಕರಿನ ಸೀಟಿ ಎಣಿಸುತ್ತಿರುತ್ತೀ. ಇದು ಸೀಟಿಗಳ ನಡುವೆ ಹೇಳುವ ಮಾತಲ್ಲ.

ಮೂವತ್ತೊಂದು ವರ್ಷ ಕೋರ್ಟಿನಲ್ಲಿ ಟೈಪ್ ಮಾಡಿದವಳು ನಾನು. ಹಿಂದಿನದನ್ನು ಬರೆಯದೆ ಮುಂದಿನದಕ್ಕೆ ಹೋಗಲು ಬರುವುದಿಲ್ಲ. ಹನ್ನೊಂದು ವರ್ಷದ ಹಿಂದಿನ ಆ ರವಿವಾರ ನೀನು ಚರ್ಚಿನಲ್ಲಿ ನನ್ನ ಪಕ್ಕದಲ್ಲೇ ಚಾಪೆಯ ಮೇಲೆ ಕುಳಿತಿದ್ದೆ. ವಿಜಯಮಹಾಂತೇಶರನ್ನು ರಿಜಿಸ್ಟರ್ ಆಫೀಸಿನಲ್ಲಿ ಮದುವೆಯಾಗುತ್ತೇನೆಂದು ನೀನು ಮನೆಯಲ್ಲಿ ಹೇಳಿ ಹದಿನೈದು ದಿನವಾಗಿತ್ತು. ಪಾದ್ರಿಗಳ ಪ್ರಸಂಗ ಮುಗಿಯಿತು. ಸಭೆಯ ಹಿರಿಯರಾಗಿದ್ದ ಈರಪ್ಪ ಮಾಸ್ತರರು ಎದ್ದುನಿಂತು, ಸಭೆಯ ಹೊರಗೆ ಮದುವೆಗೆ ನಿಂತ ಕಾರಣ ಶೀಲಾಳ ಹೆಸರನ್ನು ಕರ್ತನ ಭೋಜನಕ್ಕೆ ಕೂರುವ ಸದಸ್ಯರ ಪಟ್ಟಿಯಿಂದ ತೆಗೆಯಲಾಗಿದೆ ಎಂದು ಓದಿದರು. ನೀನು ಎದ್ದೆ. ಚಪ್ಪಲಿ ಮೆಟ್ಟಿಕೊಳ್ಳದೆ ಕೈಯಲ್ಲಿ ಹಿಡಿದುಕೊಂಡೇ ನಡೆದುಬಿಟ್ಟೆ. ಮುಂದಿನ ರವಿವಾರದಿಂದ ನಾನೂ ಹೋಗಲಿಲ್ಲ. ಅವ್ವ ನನ್ನ ಪಕ್ಷ ಹಿಡಿದಳು ಎಂದು ನೀನು ತಿಳಿದೆ, ನಾನೂ ಹಾಗೇ ತಿಳಿಯಲು ಬಿಟ್ಟೆ.

ಆಮೇಲೆ ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಮನೆಯಲ್ಲೇ ಪ್ರಾರ್ಥನೆ ಮಾಡಿದೆ. ಒಂದು ದಿನವೂ ತಪ್ಪಿಸಲಿಲ್ಲ, ಅದು ನನ್ನ ದೊಡ್ಡಸ್ತಿಕೆಯಾಗಿತ್ತು. ದೇವರು ಹುನಗುಂದದ ಆ ನಾಲ್ಕು ಗೋಡೆಯೊಳಗೆ ಮಾತ್ರ ಇದ್ದಾನೆಯೇ ಎಂದು ಅಮೀನಬಿಯ ಮುಂದೆ ದೊಡ್ಡ ದನಿಯಲ್ಲಿ ಕೇಳುತ್ತಿದ್ದೆ. "ಇಲ್ಲವಾ, ಎಲ್ಲಾ ಕಡೆ ಅದಾನ. ಆದರ ನೀ ಒಬ್ಬಾಕಿನ ಮಾತಾಡಿದರ ಅಂವಗ ನಿನ್ನ ದನಿ ಅಷ್ಟ ಕೇಳಸ್ತೈತಿ," ಎಂದಳು ಅವಳು. ಅವಳ ಮಾತಿಗೆ ಆಗ ನಕ್ಕುಬಿಟ್ಟೆ. ಮನೆಯ ಪ್ರಾರ್ಥನೆಯಲ್ಲಿ ನಾನೇ ವಾದಿ, ನಾನೇ ವಕೀಲೆ, ತೀರ್ಪು ಬರೆಯುವವಳೂ ನಾನೇ. ಬೇಡವಾದ ಕೀರ್ತನೆ ಬಂದರೆ ಪುಟ ತಿರುವುತ್ತಿದ್ದೆ. ಹೀಗೆ ವರ್ಷಗಟ್ಟಲೆ ಗೆದ್ದೆ, ಗೆದ್ದು ಒಣಗಿದೆ.

ಈ ವರ್ಷ ಫೆಬ್ರುವರಿಯಲ್ಲಿ ಒಂದು ರವಿವಾರ ಕೊತ್ತಂಬರಿ ತರಲೆಂದು ಹೊರಟೆ. ಅದು ಕನಸಿನ ಹಾಗೆಯೇ ನೆನಪಿದೆ. ಬೆಳಗಿನ ಬಿಸಿಲು ಇನ್ನೂ ಎಳೆಯದು, ಬೀದಿಯಲ್ಲಿ ಧೂಳೂ ಎದ್ದಿರಲಿಲ್ಲ. ಚರ್ಚಿನ ಬೇವಿನ ಮರದ ಹತ್ತಿರ ಬಂದಾಗ ಒಳಗೆ ಹಾಡುತ್ತಿದ್ದರು. ಹಾರ್ಮೋನಿಯಂ ಪೇಟಿಯ ದನಿ ಇರಲಿಲ್ಲ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಎಳೆದು, ಹಾಡು ನಡುವೆ ಕುಸಿದು, ಮತ್ತೆ ಹೇಗೋ ಎದ್ದು ನಿಲ್ಲುತ್ತಿತ್ತು. ಯಾರೋ ಕೈ ಹಿಡಿದು ಕರೆದೊಯ್ದಂತೆ ಒಳಗೆ ಹೋಗಿ ಬಾಗಿಲ ಹತ್ತಿರದ ಚಾಪೆಯ ತುದಿಯಲ್ಲಿ ಕುಳಿತೆ. ಮೇಲಿನ ಕಿಂಡಿಯಿಂದ ಬೆಳಕು ಇಳಿದು ಸುಣ್ಣದ ಗೋಡೆಯ ಮೇಲೆ ನಿಧಾನವಾಗಿ ಸರಿಯುತ್ತಿತ್ತು. ಎಣಿಸಿದೆ, ಹದಿನೇಳು ಜನ. ಯಾರೂ ತಿರುಗಿ ನೋಡಲಿಲ್ಲ, ಯಾರೂ ಏನೂ ಕೇಳಲಿಲ್ಲ. ಮುಂದೆ ಕುಳಿತಿದ್ದ ಮಾರ್ಥಕ್ಕ ಹಿಂದಕ್ಕೆ ಕೈ ಚಾಚಿ ಹಾಡಿನ ಪುಸ್ತಕವನ್ನು ನನ್ನ ಮಡಿಲಿಗಿಟ್ಟಳು. ಹಾಡಲು ಬಾಯಿ ತೆರೆದರೆ ಅಳು ಬಂತು. ಆ ದಿನ ಕೊತ್ತಂಬರಿ ತರುವುದು ಮರೆತೇಹೋಯಿತು.

ಪೇಟಿ ಯಾಕೆ ಮೂಕಾಗಿತ್ತೆಂದರೆ, ಈರಪ್ಪ ಮಾಸ್ತರರಿಗೆ ಸಂಕ್ರಾಂತಿಯ ಮುಂದೆ ಲಕ್ವಾ ಹೊಡೆದಿತ್ತು. ಎಡಗೈ ಸತ್ತಂತೆ ಜೋತುಬಿದ್ದಿತ್ತು, ಬಾಯಿ ಒಂದು ಕಡೆಗೆ ಸರಿದಿತ್ತು. ಮಾರ್ಚಿನಲ್ಲಿ ಅವರು ಮತ್ತೆ ಚರ್ಚಿಗೆ ಬಂದರು. ಬಲಗೈ ಬೆರಳುಗಳು ಇನ್ನೂ ನುಡಿಸಬಲ್ಲವು, ಆದರೆ ಹಿಂದಿನ ಪದರ ತೆರೆದು ಮುಚ್ಚಿ ಗಾಳಿ ಹಾಕುವ ಕೈ ಇಲ್ಲ. ಬೇರೆಯವರು ಪ್ರಯತ್ನಿಸಿದರು. ಕಂಪೌಂಡರ್ ಸಮುವೇಲಪ್ಪ ಸೈಕಲ್ ಟ್ಯೂಬಿಗೆ ಪಂಪು ಹೊಡೆದಂತೆ ಹೊಡೆದ, ಪೇಟಿ ಕಿರುಚಿತು, ಮಕ್ಕಳು ನಕ್ಕರು. ತಿಂಗಳಿಗೆ ಎರಡು ಸಲ ಬಾಗಲಕೋಟೆಯಿಂದ ಬರುವ ಪಾದ್ರಿ ಅನಿಲಕುಮಾರ ಅಯ್ಯನವರು ನನ್ನ ಕಡೆ ನೋಡಿದರು. "ಇಂದ್ರಾಬಾಯಿ, ಇಪ್ಪತ್ತ ವರ್ಷ ಇವರ ಪೇಟಿಗೆ ಹಾಡೀರಿ. ಇವರು ಎಲ್ಲೆ ಉಸರ ತಗೋತಾರ ಅನ್ನೂದು ನಿಮಗ ಗೊತ್ತೈತಿ. ನೀವು ಹಾಕ್ರಿ."

ನನ್ನಿಂದ ಆಗುವುದಿಲ್ಲ ಎಂದೆ. ಎರಡು ರವಿವಾರ ಹಾಗೇ ಹೋದವು. ಮೂರನೆಯ ರವಿವಾರ ಕಾಲುನೋವೆಂದು ಹಾಸಿಗೆಯಲ್ಲೇ ಇದ್ದೆ. ಅಮೀನಬಿ ಬಾಗಿಲಲ್ಲಿ ನಿಂತು, "ಏನವಾ, ಇವತ್ತ ಐತವಾರ. ನಮ್ಮವರು ನಮಾಜಿಗೆ ಸಾಲಿನ್ಯಾಗ ನಿಂತಾಗ ಮಗ್ಗಲಕ್ಕ ಯಾರ ಅದಾರ ಅಂತ ನೋಡಿ ನಿಲ್ಲೂದಿಲ್ಲ. ನೀ ಆರಿಸಿ ಆರಿಸಿ ಕುಂದ್ರತೀಯೇನು? ಏಳ," ಎಂದಳು. ಅವಳ ಬಾಯಿಗೆ ಹೆದರಿಯೇ ಎದ್ದೆನೆಂದು ಹೇಳಬೇಕು.

ಪೇಟಿಗೆ ಬೇರೆಯವರು ಗಾಳಿ ಹಾಕಬೇಕಾದರೆ ನುಡಿಸುವವರ ಎದುರಿಗೇ ಕೂರಬೇಕು, ಶೀಲಾ. ಪಕ್ಕದಲ್ಲಿ ಮುಖ ತಿರುಗಿಸಿ ಕೂರಲು ಆಗುವುದಿಲ್ಲ. ನಡುವೆ ಒಂದೂವರೆ ಮೊಳ ಅಂತರ. ಅವರ ಸೊಟ್ಟ ಬಾಯಿ, ಗಡ್ಡದ ಬಿಳಿ ಕೂದಲು, ಬೆವರು ಎಲ್ಲವೂ ಕಣ್ಣ ಮುಂದೆ. ಮೊದಲ ಹಾಡು ನಡುವೆಯೇ ಸತ್ತಿತು. ನಾನು ಸಿಟ್ಟಿನಿಂದ ಎಳೆದರೆ ಸ್ವರ ಒಡೆಯುತ್ತದೆ, ಮನಸ್ಸಿಲ್ಲದೆ ಎಳೆದರೆ ನರಳುತ್ತದೆ. ಅವರು ಬೈಯಲಿಲ್ಲ, ಬೆರಳೆತ್ತಿ ಕಾದರು. ಸಭೆಯೂ ಕಾಯಿತು. ನನ್ನ ಉಸಿರು ಅವರ ಉಸಿರಿಗೆ ಹೊಂದದೆ ಮುಂದಿನ ಸಾಲು ಬರುವಂತಿರಲಿಲ್ಲ. ಆ ದಿನ ಒಂದು ಹಾಡಿಗೆ ಹನ್ನೆರಡು ನಿಮಿಷ ಹಿಡಿಯಿತು.

ಆಮೇಲೆ ಒಂದು ವಾರವೂ ತಪ್ಪಿಸಿಲ್ಲ. ಏನಾಯಿತೆಂದು ಕೇಳಿದರೆ ದೊಡ್ಡ ಮಾತು ಹೇಳಲು ನನಗೆ ಬರುವುದಿಲ್ಲ. ಪವಾಡವೇನೂ ಆಗಲಿಲ್ಲ. ಮಳೆ ಬಂದ ದಿನ ಹೋದೆ, ಬೇಸರವಾದ ದಿನ ಹೋದೆ, ದೇವರ ಮೇಲೇ ಮುನಿಸಿಕೊಂಡ ದಿನವೂ ಹೋದೆ. ಹೋಗದಿದ್ದರೆ ಪೇಟಿ ಮೂಕಾಗುತ್ತದಲ್ಲ! ನನಗೆ ನಂಬಿಕೆ ಸಾಲದ ದಿನ ಮಾರ್ಥಕ್ಕನ ನಂಬಿಕೆಯಲ್ಲಿ ಹಾಡಿದೆ. ಅವಳ ಗಂಡ ತೀರಿಕೊಂಡ ವಾರ ಅವಳ ಪಾಲನ್ನು ನಾವು ಹಾಡಿದೆವು. ತಪ್ಪುಗಳನ್ನು ಅರಿಕೆ ಮಾಡುವ ಪ್ರಾರ್ಥನೆಯನ್ನು ಎಲ್ಲರೂ ಒಟ್ಟಿಗೆ ಹೇಳುತ್ತೇವೆ. ಮಾಸ್ತರರ ನಾಲಿಗೆ ಈಗ ತಡವರಿಸುವುದರಿಂದ ಅವರು ಯಾವಾಗಲೂ ಹಿಂದೆ. ಮೊದಮೊದಲು ನಾವೆಲ್ಲ ಮುಗಿಸಿ ಸುಮ್ಮನಾಗುತ್ತಿದ್ದೆವು, ಅವರ ಒಂಟಿ ದನಿ ಉಳಿಯುತ್ತಿತ್ತು. ಯಾರೂ ಹೇಳಲಿಲ್ಲ, ಯಾವ ರವಿವಾರ ಎಂಬುದೂ ನೆನಪಿಲ್ಲ, ಈಗ ಇಡೀ ಸಭೆ ಅವರ ವೇಗದಲ್ಲೇ ಹೇಳುತ್ತದೆ. ಅಷ್ಟು ನಿಧಾನವಾಗಿ ಹೇಳುವಾಗ ಪ್ರತಿಯೊಂದು ಶಬ್ದವೂ ನಮ್ಮ ಕಿವಿಗೇ ಬೀಳುತ್ತದೆ. ಮನೆಯಲ್ಲಾಗಿದ್ದರೆ ನಾನು ಆ ಪುಟ ತಿರುವಿಬಿಡುತ್ತಿದ್ದೆ.

ಕೆಲವು ಸಲ ನಡುವೆ ಮಂಪರಿನಂಥದ್ದೊಂದು ಬರುತ್ತದೆ. ಕಣ್ಣು ಅರ್ಧ ಮುಚ್ಚಿ ಗಾಳಿ ಹಾಕುತ್ತಿರುತ್ತೇನೆ. ಹಾಡುತ್ತಿರುವವರು ಯಾರು, ಉಸಿರಾಡುತ್ತಿರುವವರು ಯಾರು ತಿಳಿಯುವುದಿಲ್ಲ. ತೀರಿಹೋದ ನಿನ್ನ ಅಪ್ಪನ ದನಿಯೂ ಗಂಡಸರ ಕಡೆಯಿಂದ ಕೇಳಿದಂತಾಗುತ್ತದೆ, ಹೆಂಗಸರ ಕಡೆಯಿಂದ ನಿನ್ನದೂ. ಬೆಳಕು ಗೋಡೆಯಿಂದ ಇಳಿದು ಚಾಪೆಗೆ ಬಂದಿರುತ್ತದೆ. ಹಾಡು ಮುಗಿದದ್ದು ತಿಳಿಯದೆ ನಾನು ಇನ್ನೂ ಗಾಳಿ ಹಾಕುತ್ತಲೇ ಇರುತ್ತೇನೆ, ಮಾಸ್ತರರು ನಗುತ್ತಾರೆ.

ಆಗಸ್ಟಿನಲ್ಲಿ ಒಂದು ದಿನ ಎಲ್ಲರೂ ಹೊರಗೆ ಹೋದ ಮೇಲೆ ನಾನು ಪೇಟಿಗೆ ಬಟ್ಟೆ ಹೊದಿಸುತ್ತಿದ್ದೆ. ಅವರು ಏನೋ ಹೇಳಲು ಹವಣಿಸಿದರು. ಶಬ್ದ ಬರಲು ಹೊತ್ತು ಹಿಡಿಯಿತು.

"ಶೀಲಾ... ಹ್ಯಾಂಗದಾಳ್ರೀ?"

"ಆರಾಮದಾಳ್ರಿ. ಒಬ್ಬಾಕಿ ಹೆಣ್ಣಮಗಳದಾಳ, ಐದ ವರ್ಷದಾಕಿ."

"ಹಾಡತಾಳೇನು?"

"ದಿನಾ ಹಾಡತಾಳ್ರಿ. ಅಪ್ಪನ ಕೂಡ ವಚನಾ, ಅವ್ವನ ಕೂಡ ನಮ್ಮ ಹಾಡ."

ಅವರು ಬಲಗೈಯಿಂದ ಕಣ್ಣು ಒರೆಸಿಕೊಂಡರು. ನನಗೆ ನಿಲ್ಲಲಾಗಲಿಲ್ಲ, ಮನೆಗೆ ಬಂದುಬಿಟ್ಟೆ. ಮರುದಿನವೇ ನಿನ್ನ ಸೀರೆ ಬಂತು, ಅದರೊಳಗೆ ಆ ಚೀಟಿ.

ನಿನ್ನ ಪ್ರಶ್ನೆಗೆ ಅರ್ಧ ಉತ್ತರ ಇದು. ಮೊದಲು ಸಿಟ್ಟಿನಿಂದ ಎದುರಿಗೆ ಕುಳಿತೆ, ಆಮೇಲೆ ರೂಢಿಯಿಂದ. ಈಗ ಅವರ ಎದುರಿಗೆ ಕೂರದಿದ್ದರೆ ನನಗೆ ಉಸಿರು ಸರಿಯಾಗಿ ಬರುವುದಿಲ್ಲ. ಮುಂದಿನ ವಾರದಿಂದ ಕ್ರಿಸ್ಮಸ್‌ಗಾಗಿ ಕಾಯುವ ದಿನಗಳು ಶುರುವಾಗುತ್ತವೆ, ಸಾಯಂಕಾಲ ಹಾಡಿನ ಅಭ್ಯಾಸ ಇದೆ. ಗಂಗಾಳಿಗೆ ಶೇಂಗಾ ಹೋಳಿಗೆ ಮಾಡಿ ಅಮೀನಬಿಯ ಮಗಳ ಕೈಯಲ್ಲಿ ಕಳಿಸುತ್ತೇನೆ. ಚಳಿ ಬಿದ್ದಿದೆ, ಮಗುವಿನ ಕಿವಿ ಮುಚ್ಚು. ಕರ್ತನು ನಿನ್ನ ಮನೆಯ ಹೊಸ್ತಿಲು ಕಾಯಲಿ, ನಿನ್ನ ಗಂಡನ ಕೈಕೆಲಸಕ್ಕೆ ಬರಕತ್ತು ಕೊಡಲಿ, ನಿನ್ನ ಮಗಳ ದನಿ ಎಂದೂ ಒಡೆಯದಿರಲಿ.

ಎಂದಿಗೂ ನಿನ್ನವಳೇ ಆದ
ಅವ್ವ, ಇಂದ್ರಾಬಾಯಿ

ತಾ.ಕ.: ಸಹಿ ಮಾಡಿ ಲಕೋಟೆಗೆ ಹಾಕಿದ್ದೆ. ಮತ್ತೆ ತೆಗೆದೆ. ಉಳಿದರ್ಧ ಬರೆಯದಿದ್ದರೆ ಇದು ಐದನೆಯ ಹರಿದ ಹಾಳೆಯಾಗುತ್ತಿತ್ತು.

ನಿನ್ನ ಹೆಸರನ್ನು ಓದಿಸಿದವಳು ನಾನು, ಶೀಲಾ. ಆ ವಾರ ಮೂರು ಸಲ ಮಾಸ್ತರರ ಮನೆಗೆ ಹೋದೆ. "ಎಲ್ಲಾರ ಮುಂದ ಒಮ್ಮೆ ಓದ್ರಿ, ನಾಚಿಕಿಗೆ ಅಂಜಿ ಮನಸ ತಿರಗಸ್ತಾಳ," ಎಂದೆ. ಮೊದಲ ಎರಡು ಸಲವೂ ಅವರು ಒಪ್ಪಲಿಲ್ಲ. "ಹುಡುಗಿ ತಿರಗೂದಿಲ್ರಿ, ಹೋಗಿಬಿಡ್ತಾಳ. ತಾಯಾಗಿ ಹಿಂತಾದ್ದ ಕೇಳಬ್ಯಾಡ್ರಿ," ಎಂದರು. ಮೂರನೆಯ ಸಲ ಅವರ ಕಾಲು ಹಿಡಿದೆ. ಆಗ ಒಪ್ಪಿ, ಆ ರವಿವಾರ ಓದಿದರು. ನೀನು ಎದ್ದು ಹೋದಾಗ ನಾನು ಅವರ ಮುಖ ನೋಡಿ, "ನನ್ನ ಮನಿ ಮುರದ್ರಲ್ರೀ ಮಾಸ್ತರ!" ಎಂದು ಎಲ್ಲರಿಗೂ ಕೇಳುವಂತೆ ಅತ್ತೆ. ಅವರು ಒಂದು ಸಲ ನನ್ನನ್ನು ನೋಡಿ ತಲೆ ತಗ್ಗಿಸಿದರು. ಜನ ಅವರನ್ನು ಬೈದರು, ಹಿರಿಯರ ಸ್ಥಾನ ಬಿಡಿಸಿದರು, ಹಾಡು ಕಲಿಯಲು ಮಕ್ಕಳನ್ನು ಕಳಿಸುವುದು ನಿಲ್ಲಿಸಿದರು. ಹನ್ನೊಂದು ವರ್ಷ ಅವರು ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಇವತ್ತು ಬೆಳಿಗ್ಗೆ ಅರಿಕೆಯ ಪ್ರಾರ್ಥನೆಯನ್ನು ಮುಂದಕ್ಕೆ ಹೇಳಲು ನನಗೆ ಬರಲಿಲ್ಲ. ಆರಾಧನೆ ಮುಗಿದ ಮೇಲೆ ಅವರಿಗೆ, "ಮಾಸ್ತರ, ಮುಂದಿನ ರವಿವಾರ ಎದ್ದ ನಿಂತ ಎಲ್ಲಾರಿಗೂ ಹೇಳತೇನಿ," ಎಂದೆ. ಅವರು ಬಹಳ ಹೊತ್ತು ತೆಗೆದುಕೊಂಡು ಹೇಳಿದರು: "ಸಭಾಕ್ಕ ಆಮ್ಯಾಲೆ ಹೇಳ್ರಿ. ಮೊದಲ ಆ ಹುಡುಗಿಗೆ ಹೇಳ್ರಿ. ಆಕಿ ನನ್ನ ಮ್ಯಾಲೆ ಸಿಟ್ಟಾಗಿರೂದಕ್ಕ ನನಗ ನೋವಿಲ್ಲ. ತನ್ನನ್ನ ಇಡೀ ಸಭಾ ಬ್ಯಾಡಂತು ಅಂತ ಆಕಿ ತಿಳಕೊಂಡಾಳ, ಅದು ನೋವು."

ಸಭೆ ನಿನ್ನನ್ನು ಬೇಡ ಎನ್ನಲಿಲ್ಲ, ಮಗಳೇ. ನಿನ್ನನ್ನು ಹೊರಗೆ ಹಾಕಿದವಳು ನಿನ್ನ ಪಕ್ಕದಲ್ಲೇ ಕುಳಿತಿದ್ದಳು.

ಗಂಗಾಳನ್ನು ಕರೆದುಕೊಂಡು ನನ್ನ ಮನೆಗೆ ಬಾ ಎಂದು ಕೇಳುವ ಮುಖ ನನಗಿಲ್ಲ. ಮಾಸ್ತರರ ಮನೆಗೆ ಹೋಗು.