ಸರ್ವರ್ ಸತ್ತಿರಲಿಲ್ಲ

ಬುಧವಾರ, ಫೆಬ್ರವರಿ ೧೧, ರಾಯಚೂರು

ಇವತ್ತು ಲ್ಯಾಬ್ ಇಂಟರ್ನಲ್ಸ್ ಪರೀಕ್ಷೆ. ನನ್ನ ಪ್ರೋಗ್ರಾಮಿನ ಲೂಪಿಗೆ ಕೊನೆಯೇ ಹಾಕಿರಲಿಲ್ಲ. ಅದು ಸರ್ವರಿನ ಮೆಮರಿ ನುಂಗುತ್ತಾ ಹೋಗಿ, ಸ್ಕ್ರೀನ್ ಮೇಲೆ ‘ಕಿಲ್ಡ್’ ಅಂತ ಬಂತು. ಇಡೀ ಕ್ಲಾಸಿಗೆ ಇರೋದು ಅದೊಂದೇ ಸರ್ವರ್, ಎಲ್ಲರ ಪ್ರೋಗ್ರಾಮೂ ಓಡೋದು ಅದರ ಮೇಲೇ. ಎಲ್ಲರ ಮಾರ್ಕ್ಸೂ ನನ್ನಿಂದ ಹೋದವು ಅಂದ್ಕೊಂಡು, ಎದ್ದು ನಿಂತು ಕೂಗಿಬಿಟ್ಟೆ: “ಸಾರಿ ಸರ್, ಸರ್ವರ್ ನಾನೇ ಸಾಯಿಸಿದೆ!”

ಎಲ್ಲರೂ ಟಪಟಪ ಟೈಪ್ ಮಾಡ್ತಾನೇ ಇದ್ದರು.

ಪಕ್ಕದ ಮಲ್ಲೇಶ್ವರಿ ನಕ್ಕಳು. “ಲೇ ನಾಗವೇಣಿ, ಕೂಡ್ರಬೇ. ನಮ್ದೆಲ್ಲಾ ನಡ್ಯಾಕತ್ತದ.”

ಲ್ಯಾಬ್ ನೋಡಿಕೊಳ್ಳೋ ಅನಿಲಕುಮಾರ ಸರ್ ಬಂದು ನೋಡಿದರು. “ಒಬ್ಬೊಬ್ರಿಗೆ ಇಷ್ಟೇ ಮೆಮರಿ ಅಂತ ಲಿಮಿಟ್ ಹಾಕೀನವ್ವಾ. ದಾಟಿದ್ರ ನಿನ್ನ ಪ್ರೋಗ್ರಾಂ ಅಷ್ಟೇ ಸಾಯ್ತದ. ಲೂಪ್ ಸರಿ ಮಾಡಿ ಮತ್ತ ಓಡಿಸು.” ಬೈಯಲೇ ಇಲ್ಲ.

ಲಿಮಿಟ್ ಅಂದರೆ ಶಿಕ್ಷೆ ಅಂತ ತಿಳಿದಿದ್ದೆ. ಮಾನ್ವಿಯ ಸ್ಕೂಲ್ ಹಾಸ್ಟೆಲಿನಲ್ಲಿ ಒಬ್ಬಳು ನಳ ಬಂದ್ ಮಾಡೋದು ಮರೆತರೆ ನೀರಿನ ಟಾಕಿ ಖಾಲಿ, ಎಲ್ಲರ ಸ್ನಾನವೂ ಬಂದ್, ಎಲ್ಲರ ಬೈಗುಳವೂ ಅವಳಿಗೆ. ಅವಳು ಹೆಚ್ಚಾಗಿ ನಾನೇ ಆಗಿರ್ತಿದ್ದೆ. ಇಲ್ಲಿ ಲಿಮಿಟ್ ಇರೋದಕ್ಕೇ ನನ್ನ ತಪ್ಪು ನನ್ನ ಹತ್ತಿರವೇ ನಿಂತುಬಿಡ್ತದೆ. ಎದೆ ಎಷ್ಟು ಹಗುರ ಆಗಿದೆ ಅಂತ ಯಾರಿಗೆ ಹೇಳಲಿ?

ಲೂಪ್ ಸರಿಯಾಯ್ತು, ಸಬ್ಮಿಟ್ಟೂ ಆಯ್ತು. ಮಲ್ಲೇಶ್ವರಿ ಮೆಸ್ಸಿನಲ್ಲಿ ನಾನು ಕೂಗಿದ್ದನ್ನೇ ಕೂಗಿ ತೋರಿಸಿ ಎಲ್ಲರನ್ನೂ ನಗಿಸಿದಳು. ನಾನೂ ನಕ್ಕೆ.

ನಾಳೆ ಲ್ಯಾಬಿನಲ್ಲಿ ಬೇಕಂತಲೇ ಒಂದು ಕೊನೆಯಿಲ್ಲದ ಲೂಪ್ ಓಡಿಸಿ ನೋಡಬೇಕು. ಅದು ಸಾಯೋವರೆಗೂ ಎದುರಿಗೇ ಕೂತು, ಒಂಚೂರೂ ಹೆದರದೆ, ಆರಾಮಾಗಿ ಕಾಯ್ತೀನಿ.