ಮೈನಸ್ ಅರ್ಧ

ಹೊಂಗನೂರು
೧೨ ನವೆಂಬರ್ ೨೦೨೪

ಪ್ರೀತಿಯ ಫಿರೋಜಾ,

ನಾವೆಲ್ಲ ಇದ್ದೇವೆ. ನೀವೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು, ಬೈಯಬೇಡ. ರೇಷ್ಮೆ ಹುಳು ಹಣ್ಣಾಗಿದ್ದವು, ಗೂಡು ಕಟ್ಟಲು ಚಂದ್ರಿಕೆಗೆ ಬಿಡುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಯಿತು. ಗೂಡು ಚೆನ್ನಾಗಿ ಬಂದಿದೆ, ಅತ್ತೆ ಖುಷಿಯಾಗಿದ್ದಾರೆ. ಫೋನ್ ಮಾಡೋಣವೆಂದರೆ ಇವರು ಪಕ್ಕದಲ್ಲೇ ಕೂತಿರುತ್ತಾರೆ.

ಶಶಿಕಿರಣ್ ಹೇಗಿದ್ದಾನೆ ಅಂತ ನೀನು ಕೇಳಿದ್ದೆ. ನನ್ನ ಗಂಡನನ್ನು ಏಕವಚನದಲ್ಲಿ ಕೇಳುವ ಹಕ್ಕು ಹಳೇ ಕ್ಲಾಸ್‌ಮೇಟ್ ನಿನಗೊಬ್ಬಳಿಗೇ ಇರುವುದು. ಸ್ಟ್ರೋಕ್ ಆದ ಮೇಲೆ ಕೈಕಾಲು ಸರಿಹೋಗಿದೆ, ಮಾತೂ ಬಂದಿದೆ. ಮತ್ತೆ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡಬಲ್ಲರೇ ಅನ್ನುವುದೊಂದು ಬಾಕಿ ಇತ್ತು. ಒಂದು ಕ್ಲಾಸ್ ತೆಗೆದುಕೊಳ್ಳಲಿ ನೋಡೋಣ, ಅಂದರು ಪ್ರಿನ್ಸಿಪಾಲರು. ಕ್ವಾಂಟಮ್ಮಿನ ಲ್ಯಾಡರ್ ಆಪರೇಟರ್, ಅದೇ ಶಕ್ತಿಯ ಮೆಟ್ಟಿಲು ಹತ್ತಿಸಿ ಇಳಿಸುವ ಲೆಕ್ಕ, ಆರಿಸಿದವಳು ನಾನೇ. ಎಂಎಸ್ಸಿಯಲ್ಲಿ ಜೊತೆಗೆ ಓದುವಾಗ ಅದನ್ನು ನಮ್ಮಿಬ್ಬರ ತಲೆಗೆ ತುಂಬಿದವರು ಇವರೇ ಅಲ್ಲವಾ? ದಿನಾ ಕೂರಿಸಿಕೊಂಡು ಹೇಳಿಸಿದೆ. "ಅವ್ನಿಗೆ ಆ ಲೆಕ್ಕ ಸಾಕು ಬುಡು ಕಣವ್ವ, ಒಸಿ ಮಲಗ್ಲಿ" ಅಂತ ಅತ್ತೆ ಗೊಣಗಿದರು. ನಾನು ಕೇಳಲಿಲ್ಲ.

ಮೊನ್ನೆ ಚನ್ನಪಟ್ಟಣದ ಕಾಲೇಜಿನಲ್ಲಿ ಕೊನೇ ಬೆಂಚಿನಲ್ಲಿ ಕೂತಿದ್ದೆ. ಏರಿಸುವ ಆಪರೇಟರ್ ಚೆನ್ನಾಗಿಯೇ ಆಯಿತು, ಒಂದೊಂದೇ ಮೆಟ್ಟಿಲು ಹತ್ತಿಸಿ ಶಕ್ತಿ ಬರೆದರು. ಆಮೇಲೆ ಇಳಿಸತೊಡಗಿದರು. ಐದು ಬೈ ಎರಡು, ಮೂರು ಬೈ ಎರಡು, ಅರ್ಧ. ಅಲ್ಲಿಗೆ ಮೆಟ್ಟಿಲು ಮುಗಿಯಿತು, ಅದೇ ಗ್ರೌಂಡ್ ಸ್ಟೇಟ್. ಇನ್ನೂ ಇಳಿಸಿದರೆ ಉತ್ತರ ಬರೀ ಸೊನ್ನೆ, ಅರ್ಧದ ಕೆಳಗೆ ಯಾವ ಸ್ಥಿತಿಯೂ ಇಲ್ಲ. ಇವರು ಮೈನಸ್ ಅರ್ಧ ಬರೆದರು. ಅದರ ಕೆಳಗೆ ಮೈನಸ್ ಮೂರು ಬೈ ಎರಡು.

ದೀಪು ಅನ್ನುವ ಹುಡುಗ ಎದ್ದು, "ಸಾರ್, ಗ್ರೌಂಡ್ ಸ್ಟೇಟ್ ಕೆಳಗೆ ಏನೂ ಇಲ್ವಲ್ಲ ಸಾರ್" ಅಂದ.

"ಐತೆ ಕಣಪ್ಪ, ಬೋರ್ಡಲ್ಲಿ ಜಾಗ ಇಲ್ಲ ಅಷ್ಟೆ" ಅಂದರು ಇವರು.

ಯಾರೂ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು. ಪ್ರಿನ್ಸಿಪಾಲರು, ಸಾರ್ ಇನ್ನಷ್ಟು ದಿನ ರೆಸ್ಟ್ ತೆಗೆದುಕೊಳ್ಳಲಿ ಅಂದರು. ಒಳ್ಳೆಯ ಮನುಷ್ಯ, ಆದರೆ ನನ್ನ ಮುಖ ನೋಡದೆ ಹೇಳಿದರು. ಇನ್ನು ಏನು ಮಾಡಬೇಕೋ ನನಗೆ ತೋಚುತ್ತಿಲ್ಲ, ಫಿರೋಜಾ.

ನಿನ್ನ ಸಮದ್ ಅವರಿಗೆ ನಮಸ್ಕಾರ ಹೇಳು. ಮಕ್ಕಳು ಚೆನ್ನಾಗಿರಲಿ, ಅವರಿಗೆ ನನ್ನ ಆಶೀರ್ವಾದ.

ನಿನ್ನ
ಲತಾಮಣಿ

ಇನ್ನೊಂದು ಮಾತು: ಮನೆಗೆ ಬಂದ ಮೇಲೆ "ಎಲ್ಲಿ ತಪ್ಪಾಯ್ತು, ತೋರ್ಸು" ಅಂದರು. ತೋರಿಸಿದೆ. "ನೀನೇಳಿದ್ದೇ ಸರಿ ಕಣೆ" ಅಂತ ತಲೆಯಾಡಿಸಿದರು. ಅರ್ಥವಾಗಿದ್ದರೆ ಜಗಳಕ್ಕೆ ಬೀಳುತ್ತಿದ್ದರು, ನಿನಗೇ ಗೊತ್ತಲ್ಲ. ಮದುವೆಯಾದಾಗಿನಿಂದ ನಾನು ಹೇಳಿದ್ದನ್ನು ಇವರು ಒಂದೇ ಮಾತಿಗೆ ಒಪ್ಪಿಕೊಂಡಿದ್ದು ಇದೇ ಮೊದಲು.