ಅಕ್ಕ ಬರೆದುಕೊಟ್ಟ ಮಾತ್ರೆ ಕವರು

ಮಾರ್ಚ್ ೧೪, ಗುರುವಾರ

ಊರಿಂದ ತಂದಿದ್ದ ಬಿ.ಪಿ. ಮಾತ್ರೆ ನಿನ್ನೆಗೆ ಮುಗಿಯಿತು. ಈ ಪರದೇಶದಲ್ಲಿ ಡಾಕ್ಟರ ಚೀಟಿ ಇಲ್ಲದೆ ಅದು ಸಿಗುವುದಿಲ್ಲ. ವೆಲ್ಡಿಂಗ್ ಕೆಲಸಕ್ಕೆ ರಜೆ ಹಾಕಿ, ಬರೀ ಹೊಟ್ಟೆಯಲ್ಲಿ ಪರೀಕ್ಷೆಗೆ ರಕ್ತ ಕೊಟ್ಟು, ಡಾಕ್ಟರ ಮುಂದೆ ಕೂತೆ. ಐದೇ ನಿಮಿಷ. ಇವತ್ತು ನಾನು ಎದುರುಬದುರು ಕೂತು ಮಾತಾಡಿದ್ದು ಅಷ್ಟೇ.

ಹೊಸ ಡಬ್ಬಿಯ ಮೇಲೆ ನನ್ನ ಹೆಸರು ಅಚ್ಚಾಗಿದೆ. ಅಕ್ಕ ಕೊಟ್ಟಿದ್ದ ಕಾಗದದ ಕವರಿನ ಮೇಲೆ ಹೆಸರೇ ಇಲ್ಲ. ನೀಲಿ ಪೆನ್ನಿನಲ್ಲಿ, "ರಾತ್ರಿ ಉಂಡ ಮೇಲೆ ಒಂದು. ಮರೆತರೆ ಕಿವಿ ಹಿಂಡ್ತೀನಿ" ಎಂದಿದೆ. ಐವತ್ತೆರಡು ವರ್ಷದವನ ಕಿವಿ!

ಸಂಜೆ ಅವಳದೇ ಫೋನು. "ಹೊಸ ಮಾತ್ರೆ ಸಿಕ್ತಲ್ಲ, ಆ ಹಳೇ ಕವರ್ ಎಸೆಯೋ. ಚಿಂದಿ ಆಗಿರತ್ತೆ."

"ಎಸೆದೆ ಕಣಕ್ಕ."

ಸುಳ್ಳು. ಡಬ್ಬಿಯ ಮಾತ್ರೆಗಳನ್ನೆಲ್ಲ ಅದೇ ಕವರಿಗೆ ಸುರಿದಿದ್ದೇನೆ. ಹರಿದ ಅಂಚಿಗೆ, ಅಕ್ಷರ ಮುಚ್ಚದ ಹಾಗೆ, ಟೇಪು ಹಚ್ಚಿದೆ. ದಿನವಿಡೀ ಕಬ್ಬಿಣ ಬೆಸೆಯುವ ಕೈಗೆ ಅಷ್ಟಕ್ಕೇ ಅರ್ಧ ಗಂಟೆ ಹಿಡಿಯಿತು.

ಒಬ್ಬನಿಗಾಗಿ ಏನು ಬೇಯಿಸುವುದೆಂದು ಹಾಗೇ ಮಲಗಿದ್ದೆ. ಕವರು ನೋಡಿದರೆ ‘ಉಂಡ ಮೇಲೆ’ ಎನ್ನುತ್ತದೆ. ಕಿವಿ ಹಿಂಡಲು ಇಲ್ಲಿ ಯಾರೂ ಇಲ್ಲ. ಆದರೂ ಏಳಬೇಕು, ಅನ್ನಕ್ಕೆ ಇಡಬೇಕು.